‘ಕಾ’ ತೆಗೆದು ‘ದಾ’ ಹಾಕಿದರೆ

ಉರ್ದು ಕಲಿತರೆ ಪಂಜಾಬಿ ಪುಕ್ಕಟೆ ಬರುತ್ತದಂತೆ, ಹೌದಾ ಟೀಚರ್, ಎಂದು ಕುವೈತಿನ ನನ್ನ ಸಂಜೆಯ ತರಗತಿಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಕೇಳುವವರು ಪಾಪದವರು. ಆಸ್ಪತ್ರೆಯ ಡ್ಯೂಟಿ ಮುಗಿಸಿ ಯೂನಿಫಾರ್ಮಿನ ಮೇಲೊಂದು ಸ್ವೆಟರ್ ಹಾಕಿಕೊಂಡು ಬರುವ ನಮ್ಮ ಕರಾವಳಿಯ ನರ್ಸುಗಳು, ಶೋರೂಮಿನ ಕೌಂಟರಿನಲ್ಲಿ ಇಡೀ ದಿನ ನಿಂತು ಕಾಲು ಊದಿಸಿಕೊಂಡವರು. ಪಾಕಿಸ್ತಾನದ ರೋಗಿಗೆ ಎಲ್ಲಿ ನೋವು ಎಂದು ಕೇಳಲು, ಗಿರಾಕಿಗೆ ಯಾವ ಬಣ್ಣ ಬೇಕೆಂದು ಕೇಳಲು ಅವರಿಗೆ ನಾಲ್ಕು ಮಾತು ಬೇಕು, ಅಷ್ಟೆ. ಆದರೂ ಆ ಪ್ರಶ್ನೆ ಕಿವಿಗೆ ಬಿದ್ದರೆ ನನ್ನ ಮೈ ಉರಿಯುತ್ತದೆ. ಪುಕ್ಕಟೆ ಏನೂ ಬರುವುದಿಲ್ಲ, ಅರ್ಧ ಬರುತ್ತದೆ, ಆ ಅರ್ಧದಿಂದಲೇ ಮನೆ ಹಾಳಾಗುವುದು ಎಂದು ಗದರಿಬಿಡುತ್ತೇನೆ. ಅವರು ಮುಖ ಮುಖ ನೋಡಿಕೊಳ್ಳುತ್ತಾರೆ. ಈ ಟೀಚರಿಗೆ ಬಿಪಿ ಇರಬೇಕು ಎಂದು ಲಿಫ್ಟಿನಲ್ಲಿ ಆಡಿಕೊಳ್ಳುವುದೂ ನನಗೆ ಗೊತ್ತು. ಬಿಪಿ ಏನೂ ಇಲ್ಲ. ಆ ಪ್ರಶ್ನೆ ಬಂದಾಗಲೆಲ್ಲ ನನಗೆ ಖೈತಾನ್ ಬಡಾವಣೆಯ ನಮ್ಮ ಹಳೆಯ ಫ್ಲಾಟು ನೆನಪಾಗುತ್ತದೆ.

ಒಂದು ಬೆಡ್‌ರೂಮು, ಒಂದು ಹಾಲು, ಇಬ್ಬರು ನಿಂತರೆ ಮೂರನೆಯವರು ಬಾಗಿಲಲ್ಲೇ ನಿಲ್ಲಬೇಕಾದಷ್ಟು ಅಡುಗೆಮನೆ. ಬೆಡ್‌ರೂಮು ಅಪ್ಪ ಅಮ್ಮನದು. ಹಾಲಿನ ನಡುವೆ ಹೂವಿನ ಚಿತ್ರದ ಒಂದು ಪರದೆ. ಪರದೆಯ ಈಚೆ ಸೋಫಾ, ಟಿವಿ, ಅಪ್ಪನ ಪೇಪರು. ಆಚೆ ನಾನು, ಸುಮತಿ ಚಿಕ್ಕಮ್ಮ ಮತ್ತು ಅವಳ ಹೊಲಿಗೆ ಮಿಷನ್ನು. ಚಿಕ್ಕಮ್ಮ ಅಮ್ಮನ ಸ್ವಂತ ತಂಗಿ. ಮದುವೆಯಾದ ಸ್ವಲ್ಪ ಕಾಲಕ್ಕೇ ಗಂಡ ಬೈಕಿನಿಂದ ಬಿದ್ದು ತೀರಿಕೊಂಡ. ಆಮೇಲೆ ಕಾರ್ಕಳದ ಹತ್ತಿರ ಗಂಡನ ಅಣ್ಣನ ಮನೆಯಲ್ಲಿ ಪಾತ್ರೆ ತೊಳೆದುಕೊಂಡು, ಆ ಅಣ್ಣನ ಹೆಂಡತಿಯಿಂದ ಮೂರು ಹೊತ್ತೂ ಬೈಸಿಕೊಂಡು ಇದ್ದವಳನ್ನು ಅಮ್ಮ ಹಟ ಹಿಡಿದು ಕುವೈತಿಗೆ ಕರೆಸಿದ್ದಳು. ಇಲ್ಲಿ ಯಾರೇ ಇರಬೇಕಾದರೂ ಹೊಣೆ ಹೊರಲು ಒಬ್ಬ ಕಫೀಲ್ ಬೇಕು. ಅಪ್ಪನ ಪರಿಚಯದ ಒಬ್ಬ ತನ್ನ ಹೆಸರಿನಲ್ಲಿ ಅವಳ ಇಕಾಮಾ, ಎಂದರೆ ಇಲ್ಲಿರುವ ಪರವಾನಗಿ, ಮಾಡಿಸಿಕೊಟ್ಟಿದ್ದ, ಈ ಸಲ ಮುಗಿದರೆ ಮತ್ತೆ ಮಾಡಿಸುವುದಿಲ್ಲ ಎಂದೂ ಹೇಳಿಬಿಟ್ಟಿದ್ದ. ಬೇಸಿಗೆಯೊಳಗೆ ಬೇರೆ ಕೆಲಸ, ಬೇರೆ ಕಫೀಲ್ ಸಿಗದಿದ್ದರೆ ಚಿಕ್ಕಮ್ಮ ವಾಪಸು ಹೋಗಿ ಅದೇ ಪಾತ್ರೆಗಳ ಮುಂದೆ ಕೂರಬೇಕು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಅಪ್ಪ ರಾಯ್ ಎಂಬ ಕಡೆ ಒಂದು ಕಾರ್ ವರ್ಕ್‌ಶಾಪಿನಲ್ಲಿ ಬಿಡಿಭಾಗಗಳ ಕೌಂಟರು ನೋಡಿಕೊಳ್ಳುತ್ತಿದ್ದರು. ಸುತ್ತ ಪಾಕಿಸ್ತಾನದ ಮೆಕ್ಯಾನಿಕ್ಕುಗಳು. ಅವರ ಜೊತೆ ಮಾತಾಡಿ ಆಡಿ ಉರ್ದು ಕಲಿತಿದ್ದರು, ಚೆನ್ನಾಗಿಯೇ ಕಲಿತಿದ್ದರು, ಅದೇ ತಪ್ಪಾದದ್ದು. ಮನೆಗೆ ಗ್ಯಾಸ್ ಸಿಲಿಂಡರಿನವನು ಬಂದರೂ ಜನಾಬ್, ತಶ್ರೀಫ್ ಎಂದು ಶುರುಮಾಡುತ್ತಿದ್ದರು. ಅವನು ಬಂಗಾಲಿ, ಪಾಪ, ಬೆವರು ಒರೆಸಿಕೊಂಡು ಹೂಂ ಹೂಂ ಎನ್ನುತ್ತಿದ್ದ. ವರ್ಕ್‌ಶಾಪಿನವರು ತಮ್ಮತಮ್ಮಲ್ಲಿ ಪಂಜಾಬಿ ಮಾತಾಡಿಕೊಂಡರೆ ಅಪ್ಪನಿಗೆ ಮುಕ್ಕಾಲು ತಿಳಿಯುತ್ತಿತ್ತಂತೆ. ತಿಳಿಯದ ಕಾಲು ಭಾಗವನ್ನು ಅವರು ಭಾಷೆಯ ಲೆಕ್ಕಕ್ಕೇ ಹಿಡಿಯಲಿಲ್ಲ. ಶುಕ್ರವಾರ ಮಧ್ಯಾಹ್ನ ಬಂಗುಡೆ ಹುರಿದದ್ದರ ಮುಳ್ಳು ಬಿಡಿಸುತ್ತಾ ನಮಗೆಲ್ಲ ಪಾಠ ಮಾಡುತ್ತಿದ್ದರು.

“ಪಂಜಾಬಿ ಅಂತ ಬೇರೆ ಭಾಷೆಯೇ ಇಲ್ಲ ಮಾರಾಯ್ತಿ. ಉರ್ದುವಿನ ‘ಕಾ’ ತೆಗೆದು ‘ದಾ’ ಹಾಕಿದರೆ ಪಂಜಾಬಿ. ಹಳ್ಳಿಯವರ ಉರ್ದು ಅಷ್ಟೆ. ಖಲಾಸ್!”

ಇದೇ ಅಪ್ಪ ತುಳುವಿನ ವಿಷಯ ಬಂದರೆ ಹುಲಿ. ಒಮ್ಮೆ ನಮ್ಮವರ ಸಂಘದ ಊಟದಲ್ಲಿ ಬಯಲುಸೀಮೆಯ ಇಂಜಿನಿಯರೊಬ್ಬರು, ಅಹ್ಮದಿಯ ಎಣ್ಣೆ ಕಂಪನಿ ಕ್ವಾರ್ಟರ್ಸಿನವರು, ತುಳು ಅಂದ್ರೆ ಕನ್ನಡದ್ದೇ ಒಂದು ಡಯಲೆಕ್ಟ್ ಅಲ್ವಾ, ಬರೆಯೋದೂ ಕನ್ನಡ ಅಕ್ಷರದಲ್ಲೇ ತಾನೇ ಎಂದು ನಗುನಗುತ್ತಾ ಕೇಳಿದರು. ಅಪ್ಪ ಅರ್ಧ ಊಟದಲ್ಲಿ ಎದ್ದರು. ಅವರು ಎದ್ದ ಮೇಲೆ ನಾವೂ ಏಳಬೇಕಲ್ಲ, ನನ್ನ ಪಾಯಸ ಎಲೆಯ ಮೇಲೇ ಉಳಿಯಿತು. ಮನೆ ಮುಟ್ಟುವವರೆಗೂ ಕಾರಿನಲ್ಲಿ ಆ ಮನುಷ್ಯನ ಓದು, ಕೆಲಸ, ಬುದ್ಧಿ ಎಲ್ಲವನ್ನೂ ಜಾಲಾಡಿದರು. ಪಾಕಿಸ್ತಾನದಲ್ಲಿ ಪಂಜಾಬಿಯನ್ನೂ ಉರ್ದು ಅಕ್ಷರದಲ್ಲೇ ಬರೆಯುತ್ತಾರೆ ಎಂಬುದು ಅಪ್ಪನಿಗೆ ಗೊತ್ತಿತ್ತು. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡುವ ಬುದ್ಧಿ ಮಾತ್ರ ಅವರಿಗೆ ಬರಲಿಲ್ಲ.

ನಮ್ಮ ಎದುರು ಬಾಗಿಲು ನಸ್ರೀನ್ ಆಂಟಿಯದು. ಅವಳೂ ಅವಳ ಗಂಡ ರಶೀದ್ ಸಾಹೇಬರೂ ಗುಜ್ರಾನ್‌ವಾಲಾ ಕಡೆಯವರು, ಇಬ್ಬರಿಗೂ ಹುಟ್ಟಿನಿಂದ ಪಂಜಾಬಿ. ಆದರೆ ರಶೀದ್ ಆಫೀಸಿನಲ್ಲಿ ಕೆಲಸಕ್ಕಿದ್ದವರು, ಇಸ್ತ್ರಿ ಮುರಿಯದ ಶರ್ಟಿನವರು. ಪಂಜಾಬಿ ಎಂದರೆ ಹೊಲ, ಎಮ್ಮೆ, ಕೈಯೊರಸುವ ಲುಂಗಿ ಎಂದು ಅವರ ಲೆಕ್ಕ. ಮನೆಯೊಳಗೆ ಅದನ್ನು ಆಡಕೂಡದು. ಅವರ ಚಿಕ್ಕ ಮಗಳು ‘ಪಾಣೀ’ ಎಂದು ನೀರು ಕೇಳಿದರೆ ಉರ್ದುವಿನ ‘ಪಾನೀ’ ಬರುವವರೆಗೆ ಲೋಟ ಕೈಗೆ ಕೊಡುತ್ತಿರಲಿಲ್ಲ. ಮಗು ಬಾಯಾರಿ ಅಳುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಾನು ಆ ಮನುಷ್ಯನನ್ನು ದ್ವೇಷಿಸಲು ಶುರುಮಾಡಿದ್ದು ಅವತ್ತೇ. ಅಪ್ಪನಿಗೋ ಅವರೆಂದರೆ ಬಹಳ ಗೌರವ. ಇಬ್ಬರೂ ಕಾರಿಡಾರಿನಲ್ಲಿ ನಿಂತು ಒಬ್ಬರಿಗೊಬ್ಬರು ಪಹಲೇ ಆಪ್, ಪಹಲೇ ಆಪ್ ಎಂದು ಲಿಫ್ಟಿಗೆ ದಾರಿ ಬಿಡುತ್ತಿದ್ದರು, ಅಷ್ಟರಲ್ಲಿ ಲಿಫ್ಟು ಮೇಲೆ ಹೋಗಿರುತ್ತಿತ್ತು.

ಗಂಡ ಕೆಲಸಕ್ಕೆ ಹೋದ ಕೂಡಲೇ ನಸ್ರೀನ್ ಆಂಟಿಯ ಬಾಯಿ ಬಿಡುತ್ತಿತ್ತು. ಹಿಟ್ಟು ಮೆತ್ತಿದ ಕೈಯಲ್ಲೇ ನಮ್ಮಲ್ಲಿಗೆ ಬಂದು ಚಿಕ್ಕಮ್ಮನ ಮಿಷನ್ನಿನ ಪಕ್ಕ ನೆಲದ ಮೇಲೆ ಕೂರುತ್ತಿದ್ದಳು. ಅವಳೂ ಹೊಲಿಗೆಯವಳೇ, ಖೈತಾನಿನಲ್ಲೇ ಹೆಂಗಸರ ಬಟ್ಟೆ ಹೊಲಿಯುವ ಒಂದು ಅಂಗಡಿಗೆ ಮನೆಯಿಂದ ಕೆಲಸ ಮಾಡಿಕೊಡುತ್ತಿದ್ದಳು. ಅವಳಿಂದ ಚಿಕ್ಕಮ್ಮನೂ ನಾನೂ ಪಂಜಾಬಿ ಕಲಿತೆವು. ಶಾಲೆಯ ಹಿಂದಿಯ ಹಾಥ್, ಕಾಮ್, ಅವಳ ಬಾಯಲ್ಲಿ ಹತ್ಥ್, ಕಮ್ಮ್. ಆ ಒತ್ತು ನಮ್ಮ ನಾಲಗೆಗೆ ಸಲೀಸು. ಘರ್ ಎಂಬುದು ಮಾತ್ರ ಘ ಕಳೆದುಕೊಂಡು, ಗಂಟಲಿನ ಕೆಳಗಿಳಿದು ಮೇಲೆದ್ದು, ಕರ್ ಎಂಬಂತೆ ಏನೋ ಆಗುತ್ತಿತ್ತು, ಅದು ನಮಗೆ ಎಷ್ಟು ತಿಣುಕಿದರೂ ಬರಲಿಲ್ಲ. ಅವಳು ಕನ್ನ್ ಎಂದಾಗ ನಾನು ಕಣ್ಣು ಮುಟ್ಟಿಕೊಂಡೆ. ಅವಳು ನನ್ನ ಕಿವಿ ಹಿಂಡಿ, ಇದು ಕನ್ನ್ ಎಂದಳು. ಅವಳು ನನ್ನನ್ನು ತೋರಿಸಿ ‘ಕುಡೀ’ ಎಂದದ್ದಕ್ಕೆ ಚಿಕ್ಕಮ್ಮ ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟಳು. ಹುಡುಗಿಗೆ ಕುಡೀ ಅನ್ನುತ್ತಾರೆ ಎಂದು ತಿಳಿದಾಗ ಇಬ್ಬರೂ ನೆಲಕ್ಕೆ ಬಿದ್ದು ನಕ್ಕರು. ಗಂಡ ಸತ್ತ ಮೇಲೆ ಚಿಕ್ಕಮ್ಮ ಹಾಗೆ ನಕ್ಕದ್ದನ್ನು ಅಮ್ಮ ನೋಡಿರಲಿಲ್ಲ. ನೋಡಿ ಸಂತೋಷಪಟ್ಟಳು ಎಂದುಕೊಂಡರೆ ತಪ್ಪು. ಅಡುಗೆಮನೆಯಿಂದಲೇ ಪಾತ್ರೆ ಕುಕ್ಕಿದಳು.

“ಅಕ್ಕನ ಹತ್ತಿರ ತುಳು ಮಾತಾಡ್ಲಿಕ್ಕೆ ಇವಳಿಗೆ ಬಾಯಿ ಬರುದಿಲ್ಲ. ಅವಳ ಹತ್ತಿರ ಮಾತ್ರ ಕಿಸಿಕಿಸಿ!”

ಆದರೂ ಅಮ್ಮ ಬಾಗಿಲು ಹಾಕಲಿಲ್ಲ, ಏಕೆಂದರೆ ಅಷ್ಟರಲ್ಲಿ ನಸ್ರೀನ್ ಆಂಟಿ ಆ ಹೊಲಿಗೆ ಅಂಗಡಿಯಲ್ಲಿ ಚಿಕ್ಕಮ್ಮನ ಮಾತು ಎತ್ತಿದ್ದಳು. ಅಂಗಡಿಯವನೂ ಪಂಜಾಬಿನವನು. ಅಲ್ಲಿ ಯಾರನ್ನು ಸೇರಿಸಿಕೊಳ್ಳಬೇಕು ಎಂಬುದನ್ನು ನಿರ್ಧರಿಸುವುದು ಅವನ ತಾಯಿ. ಎಲ್ಲರೂ ಆಕೆಯನ್ನು ಬೇಬೇ ಎನ್ನುತ್ತಿದ್ದರು, ಎಂದರೆ ಅಮ್ಮ. ಬೇಬೇಗೆ ಹೊಲಿಗೆ ಹಿಡಿಸಿದರೆ ಕೆಲಸ ಸಿಗುತ್ತದೆ, ಅಂಗಡಿಯ ಕಫೀಲನ ಹೆಸರಿಗೆ ಇಕಾಮಾವೂ ಹೋಗುತ್ತದೆ. ಚಿಕ್ಕಮ್ಮ ಒಂದು ಸಲ್ವಾರ್ ಕಮೀಜ್ ಹೊಲಿದು, ಬಿಚ್ಚಿ, ಮತ್ತೆ ಹೊಲಿದು ಸಿದ್ಧ ಮಾಡಿದಳು.

ಬೇಬೇ ಬಂದದ್ದು ಗುರುವಾರ ಸಂಜೆ, ನಸ್ರೀನ್ ಆಂಟಿಯ ಮನೆಗೆ. ಎರಡೂ ಬಾಗಿಲು ತೆರೆದೇ ಇದ್ದವು. ಅಮ್ಮ ನಮ್ಮ ಒಲೆಯ ಮೇಲೆ ನೀರುಳ್ಳಿ ಬಜೆ ಕರಿಯುತ್ತಿದ್ದಳು, ನಾನು ತಟ್ಟೆ ಹಿಡಿದು ಅತ್ತಿಂದಿತ್ತ ಓಡುತ್ತಿದ್ದೆ. ಬೇಬೇ ಕಮೀಜನ್ನು ಒಳಮೈ ಹೊರಗೆ ಮಾಡಿ, ಹೊಲಿಗೆಯ ಮೇಲೆ ಹೆಬ್ಬೆರಳು ಎಳೆದು ನೋಡಿದಳು. ತಲೆ ಆಡಿಸಿದಳು. ಆಮೇಲೆ ಚಿಕ್ಕಮ್ಮನ ಬರಿಗೈ ನೋಡಿ, ಇವಳ ಗಂಡ ಏನು ಮಾಡುತ್ತಾನೆ ಎಂದು ಕೇಳಿದಳು. ನಸ್ರೀನ್ ಆಂಟಿ ಚಿಕ್ಕಮ್ಮನ ತಲೆಯ ಮೇಲೆ ಕೈಯಿಟ್ಟಳು.

“ಏ ವಿಚಾರೀ ರಂಡೀ ಏ, ಬೇಬೇ.”

ವಿಚಾರೀ ಎಂದರೆ ಉರ್ದುವಿನ ಬೇಚಾರೀ, ಪಾಪದವಳು ಎಂದು ನನಗೆ ಹೊಳೆಯಿತು. ಇನ್ನೊಂದು ಪದ ನನಗೆ ಹೊಸದು. ಅದೇ ಹೊತ್ತಿಗೆ ತರಕಾರಿ ಚೀಲ ಹಿಡಿದು ಲಿಫ್ಟಿನಿಂದ ಇಳಿದ ಅಪ್ಪನಿಗೆ ಹೊಸದಾಗಿರಲಿಲ್ಲ. ವರ್ಕ್‌ಶಾಪಿನಲ್ಲಿ ಜಗಳವಾದರೆ ಮೊದಲು ಹಾರುವ ಉರ್ದು ಪದವೇ ಅದು, ಸೂಳೆ ಎಂದು ಅರ್ಥ. ನಮ್ಮ ಕಡೆಯ ಬೈಗುಳದಲ್ಲೂ ಅದರ ಒಡಹುಟ್ಟು ಒಂದಿದೆ. ಚೀಲ ಕೆಳಗೆ ಬಿತ್ತು, ಟೊಮೆಟೊ ಮೆಟ್ಟಿಲಿಳಿದು ಉರುಳಿದವು. ಅಪ್ಪ ತಾವು ಕಲಿತ ಅಷ್ಟೂ ಉರ್ದುವನ್ನು ಎತ್ತಿ ಒಗೆದರು.

“ಜಬಾನ್ ಸಂಭಾಲ್ ಕೇ! ಹಮಾರೇ ಘರ್ ಕೀ ಔರತ್ ಕೋ ಬಾಜಾರೀ ಔರತ್ ಕಹತೀ ಹೋ?”

ನಾಲಗೆ ಬಿಗಿಹಿಡಿ, ನಮ್ಮ ಮನೆ ಹೆಣ್ಣನ್ನು ಬಜಾರಿನವಳು ಅನ್ನುತ್ತೀಯಾ ಎಂದು. ಒಂದು ಸಲವಲ್ಲ. ಮೇಲಿನ ಮಹಡಿಯ ಬಾಗಿಲುಗಳು ತೆರೆದವು, ಕೆಳಗಿನವು ತೆರೆದವು. ಯಾರು, ಯಾರು ಎಂದು ಕೇಳಿದವರಿಗೆಲ್ಲ ಕೇಳಿಸುವಂತೆ ಅಪ್ಪ ಆ ಪದವನ್ನು ಮತ್ತೆ ಮತ್ತೆ ಹೇಳಿದರು, ಹೇಳುವಾಗಲೆಲ್ಲ ಚಿಕ್ಕಮ್ಮನ ಕಡೆ ಕೈ ತೋರಿಸಿದರು. ನಸ್ರೀನ್ ಆಂಟಿ ಬೆಬ್ಬಳಿಸಿ, ಮೈಂ ಕೀ ಆಖ್ಯಾ, ನಾನೇನು ಹೇಳಿದೆ, ಎಂದು ಪಂಜಾಬಿಯಲ್ಲೇ ಕೇಳುತ್ತಿದ್ದಳು. ಬೇಬೇ ಕಮೀಜನ್ನು ಮಡಿಸಿ ಕುರ್ಚಿಯ ಮೇಲಿಟ್ಟು, ದುಪಟ್ಟಾ ಸರಿಮಾಡಿಕೊಂಡು, ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಹೋದಳು.

ಅಷ್ಟರಲ್ಲಿ ರಶೀದ್ ಸಾಹೇಬರು ಬಂದರು. ಅಪ್ಪ ನಡೆದದ್ದನ್ನು ಹೇಳಿದರು. ಈ ಮನುಷ್ಯ ಮುಂದೆ ಮಾಡಿದ್ದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ಕ್ಷಮಿಸುವ ಯೋಚನೆಯೂ ಇಲ್ಲ. ಆ ಪದ ಅವರ ತಾಯಿನುಡಿಯದು. ಅದರ ಅರ್ಥ ಅವರಿಗೆ ಚೆನ್ನಾಗಿ ಗೊತ್ತಿತ್ತು. ಒಂದೇ ಒಂದು ಮಾತಿನಲ್ಲಿ ಎಲ್ಲ ಬಗೆಹರಿಯುತ್ತಿತ್ತು. ಆದರೆ ಹಾಗೆ ಹೇಳಿದರೆ ತಾನೂ ಆ ಹಳ್ಳಿ ಮಾತಿನವನೇ ಎಂದು ಮೂರು ಮಹಡಿಯ ಮುಂದೆ ಒಪ್ಪಿಕೊಳ್ಳಬೇಕಲ್ಲ! ಅವರು ಎದೆಯ ಮೇಲೆ ಕೈಯಿಟ್ಟು ಬಾಗಿದರು.

“ಮಾಫ್ ಕೀಜಿಯೇ ಭಾಯಿ ಸಾಹಬ್. ಜಾಹಿಲ್ ಔರತ್ ಹೈ.”

ಕ್ಷಮಿಸಿ, ಮೂಢ ಹೆಂಗಸು. ಇಷ್ಟು ಹೇಳಿ ಹೆಂಡತಿಯನ್ನು ತೋಳು ಹಿಡಿದು ಒಳಗೆ ನೂಕಿ ಬಾಗಿಲು ಹಾಕಿದರು. ಅಪ್ಪ ನಮ್ಮ ಬಾಗಿಲು ಹಾಕಿದರು. ಅಂದಿನಿಂದ ಆ ಎರಡು ಬಾಗಿಲು ಮುಚ್ಚಿಯೇ ಇದ್ದವು. ಮೆಟ್ಟಿಲಲ್ಲಿ ಚಿಕ್ಕಮ್ಮ ಸಿಕ್ಕರೆ ಹೆಂಗಸರು ಗೋಡೆಗೆ ಸರಿಯುತ್ತಿದ್ದರು, ಗಂಡಸರು ಸರಿಯುತ್ತಿರಲಿಲ್ಲ. ಅಂಗಡಿಯಿಂದ, ಕೆಲಸ ಇಲ್ಲ ಎಂಬ ಮಾತು ಬಂತು.

ಒಂದು ಮಧ್ಯಾಹ್ನ, ಗಂಡಸರಿಬ್ಬರೂ ಕೆಲಸದಲ್ಲಿದ್ದಾಗ, ನಸ್ರೀನ್ ಆಂಟಿ ನಮ್ಮ ಬಾಗಿಲು ತಟ್ಟಿದಳು. ಅಮ್ಮ ತೆಗೆಯಲಿಲ್ಲ. ಆಂಟಿ ಹೊರಗೇ ನಿಂತು, ಮಗುವಿಗೆ ಹೇಳುವಂತೆ ಒಂದೊಂದೇ ಪದ ಬಿಡಿಸಿ ಹೇಳಿದಳು.

“ಮೇರೀ ಮಾಂ ವೀ ರಂಡೀ ಸೀ. ಮೇರಾ ಪ್ಯೋ ಮರ್ ಗ್ಯಾ ಸೀ.”

ನನ್ನ ಅಮ್ಮನೂ ರಂಡಿಯಾಗಿದ್ದಳು, ನನ್ನ ಅಪ್ಪ ಸತ್ತುಹೋಗಿದ್ದ. ಹಿಂದಿ ಸಿನಿಮಾ ನೋಡಿದಷ್ಟೇ ಭಾಷೆಯಿದ್ದ ಅಮ್ಮನಿಗೂ ಇದು ಅರ್ಥವಾಯಿತು. ಸ್ವಂತ ತಾಯಿಯನ್ನು ಯಾರೂ ಹಾಗೆ ಬೈಯುವುದಿಲ್ಲ. ವಿಧವೆ. ಅವಳ ಊರಿನಲ್ಲಿ ವಿಧವೆಗೆ ಇರುವ ಸಾದಾ ಪದ ಅದು. ಅಮ್ಮ ಬಾಗಿಲು ತೆರೆದು ಅವಳನ್ನು ಕೈಹಿಡಿದು ಒಳಗೆ ಕರೆತಂದಳು. ಚಿಕ್ಕಮ್ಮ ಮಿಷನ್ನಿನ ಹಿಂದಿನಿಂದ ತಲೆ ಎತ್ತಲಿಲ್ಲ.

“ನನಗೆ ಆವತ್ತೇ ಗೊತ್ತಾಗಿತ್ತು ಅಕ್ಕ. ತಲೆ ಮೇಲೆ ಕೈಯಿಟ್ಟು ಯಾರಾದ್ರೂ ಬೈತಾರಾ? ಊರಲ್ಲಿ ಅದೇ ಪದ ನನಗೆ ಬೈಲಿಕ್ಕೆ ಹೇಳ್ತಿದ್ರು. ಇವಳು ಕೆಲಸ ಕೊಡಿಸ್ಲಿಕ್ಕೆ ಹೇಳಿದ್ದು.”

“ಮತ್ತೆ ಬಾಯಿ ಬಿಟ್ಟು ಹೇಳ್ಬಾರ್ದಿತ್ತಾ?”

“ಬಾವ ಬೊಬ್ಬೆ ಹಾಕುವಾಗ ನನ್ನನ್ನು ಕೇಳಿದ್ದು ಯಾರು?”

ನಸ್ರೀನ್ ಆಂಟಿ ಆಗಲೇ ಬೇಬೇಯ ಕಾಲು ಹಿಡಿದು ಬಂದಿದ್ದಳು. ಬೇಬೇಗೆ ಅನುಮಾನವೇನೂ ಇರಲಿಲ್ಲವಂತೆ. ತಾನೂ ರಂಡಿಯೇ, ತನಗೆ ತಿಳಿಯುವುದಿಲ್ಲವೇ ಎಂದಳಂತೆ. ಆದರೆ ಮಗ ಒಪ್ಪುತ್ತಿಲ್ಲ, ಖೈತಾನಿನಲ್ಲೆಲ್ಲ ಮಾತು ಹಬ್ಬಿದೆ, ಆ ಮನೆಯ ಗಂಡಸೇ ಬಂದು ತಾನು ತಪ್ಪು ತಿಳಿದೆ ಎಂದು ಅಂಗಡಿಯಲ್ಲಿ ಎಲ್ಲರ ಮುಂದೆ ಒಂದು ಮಾತು ಹೇಳಲಿ, ಅವತ್ತೇ ಕೆಲಸಕ್ಕೆ ಕಳಿಸು ಎಂದಿದ್ದಳು. ಅಂಗಡಿ ನಮ್ಮ ಮನೆಯಿಂದ ಎರಡು ಬೀದಿ ಆಚೆ.

ಅಂದು ಊಟಕ್ಕೆ ಕೂತಾಗ ಅಮ್ಮ ಅಪ್ಪನಿಗೆ ಎಲ್ಲ ಹೇಳಿದಳು. ಅಪ್ಪನ ಮುಖ ಒಂದು ಗಳಿಗೆ ಬಿಳಿಚಿತು. ಅವರಿಗೆ ಅರ್ಥವಾಯಿತು ಎಂದು ನಾನು ಎದೆ ತಟ್ಟಿ ಹೇಳಬಲ್ಲೆ. ಮರುಗಳಿಗೆ ಗಂಟಲು ಸರಿಮಾಡಿಕೊಂಡರು.

“ವಿಧವೆಗೆ ‘ಬೇವಾ’ ಅನ್ಬೇಕು. ಅದು ಸರಿಯಾದ ಪದ. ಸರಿಯಾದ ಪದ ಗೊತ್ತಿಲ್ಲದಿದ್ರೆ ಅದು ಅವಳ ತಪ್ಪು.”

“ಬೇವಾ ಉರ್ದುವಿನದ್ದು. ಅವಳು ಆಡಿದ್ದು ಅವಳ ಭಾಷೆ. ತುಳುವನ್ನು ಯಾರೋ ಒಬ್ಬ ಹಗುರ ಮಾಡಿದ ಅಂತ ಊಟ ಬಿಟ್ಟು ಎದ್ದವರು ನೀವು.”

“ಎಲ್ಲಿಯ ತುಳು, ಎಲ್ಲಿಯ ಪಂಜಾಬಿ! ಎರಡೂ ಒಂದೇನಾ?”

“ಅದೆಲ್ಲ ಬಿಡಿ. ಅಂಗಡಿಗೆ ಹೋಗಿ ಒಂದು ಮಾತು ಹೇಳಿ ಬನ್ನಿ. ಸುಮತಿಯ ಜೀವನದ ಪ್ರಶ್ನೆ.”

“ಒಂದು ಟೈಲರ್ ಅಂಗಡಿಯಲ್ಲಿ ನಿಂತು ನನಗೆ ಭಾಷೆ ಬರುದಿಲ್ಲ ಅಂತ ಹೇಳ್ಬೇಕಾ ನಾನು? ನಾಳೆ ವರ್ಕ್‌ಶಾಪಿನಲ್ಲಿ ತಲೆ ಎತ್ತಿ ನಡಿಲಿಕ್ಕುಂಟಾ?”

ಈ ಸಲ ಅಪ್ಪ ಊಟ ಬಿಟ್ಟು ಏಳಲಿಲ್ಲ. ಇನ್ನೊಂದು ತುಂಡು ಮೀನು ಹಾಕಿಸಿಕೊಂಡರು. ಹಾಕಿದವಳು ಚಿಕ್ಕಮ್ಮ. ಅಮ್ಮ ಅತ್ತಳು, ಮಾತು ಬಿಟ್ಟಳು, ಆಮೇಲೆ ಮತ್ತೆ ಮಾತಾಡಿದಳು, ಬೇರೆ ಏನೂ ಮಾಡಲಿಲ್ಲ. ನೀನೇ ಎಳೆದುಕೊಂಡು ಹೋಗಬೇಕಿತ್ತು ಎಂದು ದೊಡ್ಡವಳಾದ ಮೇಲೆ ನಾನು ಅವಳಿಗೂ ಬೈದಿದ್ದೇನೆ. ಒಂದು ಪ್ರಯತ್ನ ಮಾತ್ರ ಮಾಡಿದಳು. ನನ್ನನ್ನು ಜೊತೆಗಿಟ್ಟುಕೊಂಡು ಲಿಫ್ಟಿನ ಹತ್ತಿರ ರಶೀದ್ ಸಾಹೇಬರನ್ನು ತಡೆದು, ನೀವಾದರೂ ಅಂಗಡಿಗೆ ಬಂದು ಆ ಪದದ ಅರ್ಥ ಹೇಳಿ ಎಂದು ನನ್ನ ಬಾಯಿಂದ ಕೇಳಿಸಿದಳು. ಅವರು ಕೈಗಡಿಯಾರ ನೋಡಿಕೊಂಡರು.

“ಬೇಟೀ, ಹಮಾರೇ ಘರ್ ಮೇಂ ಉರ್ದು ಬೋಲೀ ಜಾತೀ ಹೈ.”

ನಮ್ಮ ಮನೆಯಲ್ಲಿ ಆಡುವುದು ಉರ್ದು, ಮಗು. ಲಿಫ್ಟಿನ ಬಾಗಿಲು ಮುಚ್ಚಿತು. ನಾನು ಉರ್ದುವನ್ನೂ ಪಂಜಾಬಿಯನ್ನೂ ಬೇರೆ ಬೇರೆಯಾಗಿ, ಪದ ಪದಕ್ಕೂ ಹಟ ಹಿಡಿದು ಕಲಿತದ್ದು ಪ್ರೀತಿಯಿಂದ ಎಂದು ಜನ ತಿಳಿದುಕೊಂಡಿದ್ದಾರೆ. ಅಲ್ಲ. ಅಪ್ಪ, ರಶೀದ್ ಇಬ್ಬರ ಮುಂದೆ ನಿಂತು ಇದು ಅದಲ್ಲ, ಅದು ಇದಲ್ಲ ಎಂದು ಹೇಳುವ ದಿನ ಬರಲಿ ಎಂದು ಕಲಿತೆ. ಆ ದಿನ ಬಂದಾಗ ಒಬ್ಬರು ಊರು ಬಿಟ್ಟಿದ್ದರು, ಇನ್ನೊಬ್ಬರ ಕಿವಿ ಮಂದವಾಗಿತ್ತು.

ಬೇಸಿಗೆ ಬಂತು, ಇಕಾಮಾ ಮುಗಿಯಿತು. ಹೊರಡುವ ದಿನ ಅಪ್ಪ ಬಹಳ ಒಳ್ಳೆಯವರಾಗಿದ್ದರು. ಬೆಳಗ್ಗೆ ತಾವೇ ಹೋಗಿ ಖರ್ಜೂರ, ಬಾದಾಮಿ, ಸೋಪು, ಸೆಂಟು ತಂದರು, ಸೂಟ್‌ಕೇಸಿಗೆ ಹಗ್ಗ ಬಿಗಿದರು. ಅಲ್ಲಿ ನಿನಗೆ ಎಲ್ಲರೂ ಇದ್ದಾರಲ್ಲ, ಇಲ್ಲಿ ನಾವಿದ್ದೇವೆ, ಹೆದರಬೇಡ ಎಂದು ಅಮ್ಮ ಒಂದೇ ಸಮನೆ ಹೇಳುತ್ತಿದ್ದಳು. ಚಿಕ್ಕಮ್ಮ ಎಲ್ಲದಕ್ಕೂ ಆಯ್ತು ಎಂದಳು. ನಾವು ಬಾಗಿಲು ತೆರೆದು ಹೊರಗೆ ಬಂದಾಗ ನಸ್ರೀನ್ ಆಂಟಿಯೂ ಹೊರಗೆ ಬಂದು ನಿಂತಿದ್ದಳು. ಹಿಂದೆ ಗಂಡ ಇದ್ದದ್ದನ್ನೂ ಲೆಕ್ಕಿಸದೆ ಚಿಕ್ಕಮ್ಮನನ್ನು ತಬ್ಬಿಕೊಂಡಳು. ಮೆಟ್ಟಿಲಲ್ಲಿ ಒಂದೆರಡು ಮುಖಗಳು ಇಣುಕಿದವು. ಆಂಟಿ ಅಳುತ್ತಲೇ ಪಂಜಾಬಿಯಲ್ಲಿ ಕೇಳಿದಳು.

“ಓಥೆ ತೇರಾ ಕೌಣ್ ಏ?”

ಅಲ್ಲಿ ನಿನಗೆ ಯಾರಿದ್ದಾರೆ ಎಂದು. ಅಪ್ಪ ಸೂಟ್‌ಕೇಸ್ ಹಿಡಿದು ಲಿಫ್ಟಿನ ಗುಂಡಿ ಒತ್ತುತ್ತಿದ್ದರು. ಅಮ್ಮ ಚಿಕ್ಕಮ್ಮನ ಸೆರಗು ಸರಿಮಾಡುತ್ತಿದ್ದಳು. ಚಿಕ್ಕಮ್ಮ ಅಮ್ಮನ ಕೈಯನ್ನು ಮೆಲ್ಲನೆ ಬಿಡಿಸಿ, ಅಪ್ಪನ ಕಡೆಗೇ ತಿರುಗಿ, ಎಲ್ಲ ಮಹಡಿಗೂ ಕೇಳುವಷ್ಟು ಗಟ್ಟಿಯಾಗಿ ಉತ್ತರ ಹೇಳಿದಳು.

“ಮೇರಾ ಕೋಈ ನಈಂ. ನಾ ಓಥೆ, ನಾ ಏಥೆ.”

ನನಗೆ ಯಾರೂ ಇಲ್ಲ, ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಮೊದಲ ಮೂರು ಪದ ಪಂಜಾಬಿಯಲ್ಲೂ ಉರ್ದುವಿನಲ್ಲೂ ಹೆಚ್ಚುಕಡಿಮೆ ಒಂದೇ. ಲಿಫ್ಟು ಬಂದು ಬಾಗಿಲು ತೆರೆದುಕೊಂಡು ನಿಂತಿತು. ಅಪ್ಪ ಒಳಗೆ ಹೋಗಲಿಲ್ಲ, ಸೂಟ್‌ಕೇಸನ್ನು ಕೆಳಗಿಡಲೂ ಇಲ್ಲ. ಅವರಿಗೆ ಯಾರೂ ಅರ್ಥ ಹೇಳಬೇಕಾಗಿರಲಿಲ್ಲ.